ಬಾಲೋಸೋ ಎಲಾಫೊನೀಸಿಯೋ? ಕ್ರೀಟ್‌ನಲ್ಲಿ ಒಂದು ದಿನ, ಜೊತೆಗೆ ಮಂಡಿನೋವಿನ ಅಮ್ಮ

ಪ್ರಶ್ನೆ: ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇವೆ. ಸೆಪ್ಟೆಂಬರ್ ಎರಡನೇ ವಾರ ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೊರಟಿದ್ದೇವೆ, ಹಾನ್ಯಾ ಊರಿನಲ್ಲಿ ನಾಲ್ಕು ರಾತ್ರಿ. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗ, ಜೊತೆಗೆ ಶಿವಮೊಗ್ಗದಿಂದ ಬಂದಿರುವ ನನ್ನ ಅಮ್ಮ. ಅಮ್ಮನಿಗೆ ಅರವತ್ತೆಂಟು ವರ್ಷ, ಮಂಡಿನೋವಿದೆ, ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಒಂದು ಪೂರ್ತಿ ದಿನವನ್ನು ಗೈಡ್ ಇರುವ ಪ್ರವಾಸಕ್ಕೆ ಇಟ್ಟುಕೊಂಡಿದ್ದೇವೆ. ಬಾಲೋಸ್ ಕಡಲತೀರಕ್ಕೆ ಹಡಗಿನಲ್ಲಿ ಹೋಗುವುದೋ, ಎಲಾಫೊನೀಸಿ ಕಡಲತೀರಕ್ಕೆ ಬಸ್ಸಿನಲ್ಲಿ ಹೋಗುವುದೋ? ಫೋಟೊ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಗೈಡ್ ನಿಜಕ್ಕೂ ಬೇಕೇ, ಕಾರು ಬಾಡಿಗೆಗೆ ತಗೊಂಡರೆ ಸಾಲದೇ? ಅಮ್ಮನ ವೀಸಾಕ್ಕೆ ಏನಾದರೂ ತೊಡಕಿದೆಯೇ? ಮಗನಿಗೆ ಶಾಲೆಯಲ್ಲಿ ತೋರಿಸಲು ಅಲ್ಲಿನ ಗುಲಾಬಿ ಮರಳು ಬೇಕಂತೆ.

ಉತ್ತರ: ಎಲಾಫೊನೀಸಿ. ಬಸ್ಸಿನಲ್ಲಿ. ಅದೂ ಹಾನ್ಯಾ ತಲುಪಿದ ಮರುದಿನ ಬೆಳಗ್ಗೆಯೇ ಬೇಡ, ಒಂದು ದಿನ ಸುಧಾರಿಸಿಕೊಂಡು ಆಮೇಲೆ. ಇಷ್ಟು ಸಾಕೆನಿಸಿದರೆ ಇಲ್ಲಿಗೇ ಓದು ನಿಲ್ಲಿಸಬಹುದು. ಆದರೆ ಅಲ್ಲಿಗೆ ಹೋದ ಮೇಲೆ ಗಾಳಿಯೋ ಅಮ್ಮನ ಮಂಡಿಯೋ ಬೇರೆ ಮಾತಾಡಿದರೆ ನಿರ್ಧಾರ ಬದಲಿಸಬೇಕಾದವರು ನೀವೇ. ಹಾಗಾಗಿ ಕಾರಣಗಳನ್ನೂ ಹೇಳಿಬಿಡುತ್ತೇನೆ.

ಮೊದಲು ದೂರದ ಲೆಕ್ಕ. ದ್ವೀಪ ಎಂದಾಕ್ಷಣ ಚಿಕ್ಕದು, ಒಂದೇ ದಿನ ಎರಡೂ ಕಡಲತೀರ ಮುಗಿಸಿಬಿಡೋಣ ಎಂದು ಹೊರಡುವವರು ಬಹಳ. ಕ್ರೀಟ್ ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 260 ಕಿಲೋಮೀಟರ್ ಉದ್ದ, ಉದ್ದಕ್ಕೂ ಬೆಟ್ಟ. ಹಾನ್ಯಾದ ಬೆನ್ನಿಗೇ ನಿಂತಿರುವ ಬಿಳಿ ಬೆಟ್ಟಗಳಲ್ಲಿ ಪಾಖ್ನೆಸ್ ಶಿಖರದ ಎತ್ತರ 2,453 ಮೀಟರ್. ಬಾಲೋಸ್ ಇರುವುದು ದ್ವೀಪದ ವಾಯವ್ಯ ತುದಿಯಲ್ಲಿ, ಸಮುದ್ರಕ್ಕೆ ಚಾಚಿದ ಗ್ರಾಮ್ವೂಸಾ ಎಂಬ ಬೋಳು ಭೂಶಿರದ ಪಕ್ಕ. ಎಲಾಫೊನೀಸಿ ನೈರುತ್ಯ ಮೂಲೆಯಲ್ಲಿ, ಹಾನ್ಯಾದಿಂದ ಸುಮಾರು 75 ಕಿಲೋಮೀಟರ್. ಎರಡರ ನಡುವೆ ನೇರ ರಸ್ತೆ ಇಲ್ಲ, ಬೆಟ್ಟ ಸುತ್ತಬೇಕು. 75 ಕಿಲೋಮೀಟರ್ ಅಂದರೆ ಜರ್ಮನಿಯ ಆಟೊಬಾನ್ ಲೆಕ್ಕದಲ್ಲಿ ಮುಕ್ಕಾಲು ಗಂಟೆ ಅಂದುಕೊಳ್ಳಬೇಡಿ. ಕಾರಿಗೇ ಒಂದೂವರೆ ಗಂಟೆ ಹಿಡಿಯುತ್ತದೆ, ಬಸ್ಸು ಅಲ್ಲಲ್ಲಿ ನಿಂತು ಹೋದರೆ ಎರಡು ಗಂಟೆಯ ಮೇಲೆ. ಎರಡನ್ನೂ ಒಂದೇ ದಿನದಲ್ಲಿ ತೋರಿಸುತ್ತೇವೆ ಅನ್ನುವ ಜಾಹೀರಾತು ಕಂಡರೆ, ಅವರು ತೋರಿಸುವುದು ಹೆಚ್ಚಾಗಿ ರಸ್ತೆಯನ್ನೇ ಎಂದು ತಿಳಿಯಿರಿ.

ಫೋಟೊದಲ್ಲಿ ಎರಡೂ ಒಂದೇ ಥರ ಅನ್ನುವ ಮಾತು ಸರಿಯೇ. ಎರಡೂ ಕಡೆ ತೆಳು ಹಸಿರು ನೀಲಿ ನೀರು, ಬಿಳಿ ಮರಳು, ಅಂಚಿನಲ್ಲಿ ಗುಲಾಬಿ ಛಾಯೆ, ಎದುರಿಗೆ ಒಂದು ನಡುಗಡ್ಡೆ. ವ್ಯತ್ಯಾಸ ಇರುವುದು ಅಲ್ಲಿಗೆ ತಲುಪುವ ಬಗೆಯಲ್ಲಿ. ನಿಮ್ಮ ಕುಟುಂಬಕ್ಕೆ ಅದೇ ಮುಖ್ಯ.

ಬಾಲೋಸ್ ದಿನ ಹೀಗಿರುತ್ತದೆ. ಬೆಳಗ್ಗೆ ಬಸ್ಸು ಹೋಟೆಲ್ ಹೋಟೆಲ್ ಸುತ್ತಿ ಜನರನ್ನು ತುಂಬಿಸಿಕೊಂಡು ಕಿಸ್ಸಾಮೊಸ್ ಬಂದರಿಗೆ ಹೋಗುತ್ತದೆ. ಅಲ್ಲಿ ನೂರಾರು ಜನ ಹಿಡಿಸುವ ಹಡಗು. ಒಂದು ಗಂಟೆ ಆಸುಪಾಸು ಸಮುದ್ರದಲ್ಲಿ ಸಾಗಿ ಮೊದಲು ಇಮೇರಿ ಗ್ರಾಮ್ವೂಸಾ ನಡುಗಡ್ಡೆಗೆ. ಅದರ ನೆತ್ತಿಯ ಮೇಲೆ, ಸಮುದ್ರದಿಂದ 137 ಮೀಟರ್ ಎತ್ತರದಲ್ಲಿ, ವೆನಿಸ್‌ನವರು 1579ರಿಂದ 1584ರವರೆಗೆ ಕಟ್ಟಿದ ಕೋಟೆಯಿದೆ. ಏರಲು ಇಪ್ಪತ್ತು ಇಪ್ಪತ್ತೈದು ನಿಮಿಷ, ಒರಟು ಕಲ್ಲಿನ ದಾರಿ, ದಾರಿಯುದ್ದಕ್ಕೂ ಒಂದು ಮರವಿಲ್ಲ. ಅದಾದ ಮೇಲೆ ಹಡಗು ಬಾಲೋಸ್ ಕಡೆ ತಿರುಗುತ್ತದೆ. ಅಲ್ಲಿ ಎರಡು ಮೂರು ಗಂಟೆ, ಸಂಜೆ ವಾಪಸು. ಇಡೀ ದಿನದಲ್ಲಿ ನಿಮ್ಮ ಅಮ್ಮನವರಿಗೆ ಸರಿಯಾದ ನೆರಳು ಸಿಗುವುದು ಹಡಗಿನ ಒಳಗೆ ಮಾತ್ರ. ಹಡಗಿನಿಂದ ಇಳಿಯುವ ಹಲಗೆ ಅಲುಗಾಡುತ್ತದೆ, ಇಳಿದ ಮೇಲೆ ಸುಡುವ ಮರಳಿನಲ್ಲಿ ನಡಿಗೆ, ಹತ್ತುವಾಗ ನೂರಾರು ಜನರ ಸಾಲು. ಮಂಡಿ ಗಟ್ಟಿಯಿದ್ದವರಿಗೆ ಇದೊಂದು ಅದ್ಭುತ ದಿನ. ನೀವು ಮೂವರೇ ಇದ್ದಿದ್ದರೆ ಕಣ್ಣುಮುಚ್ಚಿ ಬಾಲೋಸ್ ಅನ್ನುತ್ತಿದ್ದೆ.

ರಸ್ತೆಯ ಮೂಲಕ ಬಾಲೋಸ್‌ಗೆ ಹೋಗುವುದಂತೂ ನಿಮಗೆ ಬೇಡವೇ ಬೇಡ. ಕಾಲಿವ್ಯಾನಿ ಹಳ್ಳಿ ದಾಟಿದ ಮೇಲೆ ಸುಮಾರು ಎಂಟು ಕಿಲೋಮೀಟರ್ ಕಲ್ಲುಮಣ್ಣಿನ ದಾರಿ, ಒಂದು ಪಕ್ಕ ಪ್ರಪಾತ. ಬಾಡಿಗೆ ಕಾರಿನ ವಿಮೆ ಡಾಂಬರಿಲ್ಲದ ರಸ್ತೆಯಲ್ಲಿ ಟೈರಿಗೋ ಕಾರಿನ ತಳಭಾಗಕ್ಕೋ ಆದ ಹಾನಿಯನ್ನು ಸಾಮಾನ್ಯವಾಗಿ ಭರಿಸುವುದಿಲ್ಲ. ಕಾರು ನಿಲ್ಲಿಸಿದ ಮೇಲೆ ಮೆಟ್ಟಿಲಿಳಿದು ಕೆಳಗೆ ಹೋಗಬೇಕು. ಫೋಟೊಗಳಲ್ಲಿ ಕಾಣುವ ಆ ಪ್ರಸಿದ್ಧ ನೋಟ ಮೇಲಿನಿಂದಲೇ ಕಾಣುವುದು, ಅದು ನಿಜ. ಆದರೆ ಕಡಲಲ್ಲಿ ಮಿಂದು ಸುಸ್ತಾದ ಮೇಲೆ ನೆತ್ತಿ ಸುಡುವ ಬಿಸಿಲಲ್ಲಿ ಅದೇ ಮೆಟ್ಟಿಲು ಹತ್ತಿ ಬರಬೇಕಲ್ಲ!

ಇನ್ನು ಗಾಳಿ. ಬೆಂಗಳೂರಿನಿಂದಲೋ ಜರ್ಮನಿಯಿಂದಲೋ ತಿಂಗಳು ಮುಂಚೆ ಟಿಕೆಟ್ ಕಾಯ್ದಿರಿಸುವವರು ಯಾರೂ ಇದನ್ನು ಗಣನೆಗೆ ತಗೊಳ್ಳುವುದಿಲ್ಲ, ಕೊನೆಗೆ ದಿನ ಕೆಡಿಸುವುದು ಇದೇ. ಬೇಸಿಗೆಯಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಬೀಸುವ ಮೆಲ್ಟೆಮಿ ಎಂಬ ಒಣಗಾಳಿಯಿದೆ. ಜುಲೈ ಆಗಸ್ಟ್‌ನಲ್ಲಿ ಅದರ ಅಬ್ಬರ ಜಾಸ್ತಿ, ಸೆಪ್ಟೆಂಬರ್‌ನಲ್ಲಿ ಕಡಿಮೆಯಾಗುತ್ತ ಬರುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಆಕಾಶ ಶುಭ್ರ, ಮೋಡದ ಸುಳಿವಿಲ್ಲ, ಹೋಟೆಲ್ ಅಂಗಳದಲ್ಲಿ ಎಲೆಯೂ ಅಲ್ಲಾಡುತ್ತಿಲ್ಲ. ಅದೇ ಹೊತ್ತಿಗೆ ಗ್ರಾಮ್ವೂಸಾ ಭೂಶಿರದಲ್ಲಿ ಹಡಗು ಓಲಾಡುತ್ತಿರುತ್ತದೆ. ನಮ್ಮಲ್ಲಿ ಮಳೆ ನೋಡಿ ಸಮುದ್ರಕ್ಕೆ ಇಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವ ಅಭ್ಯಾಸ. ಅಲ್ಲಿ ಮಳೆಯ ಮುನ್ಸೂಚನೆ ನೋಡಿ ಪ್ರಯೋಜನವಿಲ್ಲ, ಗಾಳಿಯದ್ದು ನೋಡಬೇಕು. ಗ್ರೀಸ್‌ನಲ್ಲಿ ಗಾಳಿಯನ್ನು ಬೋಫೋರ್ ಅಳತೆಯಲ್ಲಿ ಹೇಳುತ್ತಾರೆ, ಹೋಟೆಲಿನವರ ಬಾಯಲ್ಲೂ ಅದೇ ಲೆಕ್ಕ. ನಾಲ್ಕು ಬೋಫೋರ್ ಅಂದರೆ ಗಂಟೆಗೆ 20ರಿಂದ 28 ಕಿಲೋಮೀಟರ್, ತೊಂದರೆಯಿಲ್ಲ. ಐದಕ್ಕೆ ಸಮುದ್ರ ಕುಣಿಯುತ್ತದೆ, ವಾಂತಿ ಬರುವವರಿಗೆ ಬರುತ್ತದೆ. ಆರು ಅಂದರೆ 39ರಿಂದ 49 ಕಿಲೋಮೀಟರ್. ಅಂಥ ದಿನ ಹಡಗು ಹೊರಡುತ್ತದೆ ಎಂದು ನಂಬಿ ಕೂರಬೇಡಿ. ಗಾಳಿ ಇನ್ನೂ ಜೋರಾದರೆ ಬಂದರು ಇಲಾಖೆಯೇ ಹಡಗುಗಳನ್ನು ತಡೆಯುತ್ತದೆ, ಕಂಪನಿಯವರ ಕೈಯಲ್ಲಿ ಏನೂ ಇರುವುದಿಲ್ಲ.

ಬಾಲೋಸ್ ಉತ್ತರ ಮತ್ತು ಪಶ್ಚಿಮದ ಗಾಳಿಗೆ ಎದೆಯೊಡ್ಡಿ ಕೂತ ಜಾಗ. ಎಲಾಫೊನೀಸಿಗೆ ಉತ್ತರದ ಗಾಳಿಯಿಂದ ಬೆಟ್ಟಗಳು ತಕ್ಕಮಟ್ಟಿಗೆ ಮರೆ ಕೊಡುತ್ತವೆ, ಪಶ್ಚಿಮದಿಂದ ಬೀಸಿದರೆ ಮಾತ್ರ ಅಲ್ಲೂ ಮರಳು ಹಾರಿ ಕಾಲಿಗೆ ಚುಚ್ಚುತ್ತದೆ. ಮುಖ್ಯ ವಿಷಯವೇನೆಂದರೆ ಬಸ್ಸನ್ನು ಗಾಳಿ ತಡೆಯುವುದಿಲ್ಲ. ನಾಲ್ಕು ರಾತ್ರಿಯಷ್ಟೇ ಇರುವವರಿಗೆ ಇದು ದೊಡ್ಡ ಧೈರ್ಯ. ಸೆಪ್ಟೆಂಬರ್ ಎರಡನೇ ವಾರದಲ್ಲಿ ಬಸ್ಸಿನ ಸೀಟು ಹಿಂದಿನ ದಿನವೂ ಸಾಮಾನ್ಯವಾಗಿ ಸಿಗುತ್ತದೆ. ಹಾಗಾಗಿ ಹಾನ್ಯಾ ತಲುಪಿ, ಮುಂದಿನ ಮೂರು ದಿನದ ಗಾಳಿ ನೋಡಿ, ಆಮೇಲೆ ದಿನ ಗೊತ್ತುಮಾಡಿ. ಮುಂಚೆಯೇ ಕಾಯ್ದಿರಿಸದೆ ಸಮಾಧಾನವಿಲ್ಲ ಅನ್ನುವುದಾದರೆ ಹಿಂದಿನ ದಿನದವರೆಗೆ ರದ್ದು ಮಾಡಿದರೂ ಪೂರ್ತಿ ಹಣ ವಾಪಸು ಬರುವ ಟಿಕೆಟನ್ನೇ ತಗೊಳ್ಳಿ.

ಈಗ ಎಲಾಫೊನೀಸಿ ದಿನದ ವಿಚಾರ. ಕಡಲತೀರಕ್ಕಿಂತ ಅಲ್ಲಿಗೆ ಹೋಗುವ ದಾರಿಯೇ ನನಗೆ ಒಂದು ಕೈ ಮೇಲು. ಕಿಸ್ಸಾಮೊಸ್ ಕಡೆಯ ಹೆದ್ದಾರಿ ಬಿಟ್ಟು ದಕ್ಷಿಣಕ್ಕೆ ತಿರುಗಿದ ಮೇಲೆ ಆಲಿವ್ ತೋಟಗಳ ನಡುವೆ ರಸ್ತೆ ಏರತೊಡಗುತ್ತದೆ. ಟೊಪೋಲಿಯಾ ಎಂಬ ಹಳ್ಳಿ ದಾಟಿದರೆ ಅದೇ ಹೆಸರಿನ ಕಣಿವೆ, ಎರಡೂ ಬದಿ ಬಂಡೆಯ ಗೋಡೆ. ಅಲ್ಲೊಂದು ಸುರಂಗವಿದೆ, ಒಂದೇ ವಾಹನ ಹಿಡಿಸುವಷ್ಟು ಅಗಲ. ಮುಂದೆ ಸಿಗ್ನಲ್ ದೀಪ. ಹಸಿರು ಬೀಳುವವರೆಗೆ ಕಾಯಬೇಕು. ಬಸ್ಸು ಒಳಗೆ ನುಗ್ಗುವಾಗ ಕಿಟಕಿಗೂ ಕಲ್ಲಿಗೂ ಇರುವ ಅಂತರ ನೋಡಿದರೆ ನಿಮ್ಮ ಮಗ ಖುಷಿಯಿಂದ ಕೂಗುತ್ತಾನೆ, ಅಮ್ಮ ಕಣ್ಣು ಮುಚ್ಚಿಕೊಳ್ಳಬಹುದು. ತಿರುವುಗಳು ಆಗುಂಬೆ ಘಾಟಿಯಷ್ಟಿಲ್ಲದಿದ್ದರೂ ಅದೇ ಜಾತಿಯವು. ಶಿವಮೊಗ್ಗದವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ. ಬಸ್ಸಿನಲ್ಲಿ ಹೊಟ್ಟೆ ತೊಳಸುವವರಿದ್ದರೆ ಮಾತ್ರೆಯನ್ನು ಹಾನ್ಯಾ ಬಿಡುವ ಅರ್ಧ ಗಂಟೆ ಮುಂಚೆಯೇ ನುಂಗಿ, ಮುಂದಿನ ಸೀಟು ಕೇಳಿ ಪಡೆಯಿರಿ.

ಕಣಿವೆ ಕಳೆದು ಎಲೊಸ್ ಎಂಬ ಊರು. ಇಲ್ಲಿ ಒಮ್ಮೆಲೇ ದೃಶ್ಯ ಬದಲಾಗುತ್ತದೆ. ಒಣ ಬೆಟ್ಟದ ಬದಲು ಚೆಸ್ಟ್‌ನಟ್ ಮರಗಳ ದಟ್ಟ ನೆರಳು. ಬಹಳಷ್ಟು ಬಸ್ಸುಗಳು ಕಾಫಿಗೆಂದು ಇಲ್ಲಿಯೋ ಟೊಪೋಲಿಯಾದಲ್ಲಿಯೋ ನಿಲ್ಲಿಸುತ್ತವೆ. ಜೇನು, ಗಿಡಮೂಲಿಕೆ ಚಹಾ, ಆಲಿವ್ ಎಣ್ಣೆ ಮಾರುವ ಅಂಗಡಿ ಇದ್ದೇ ಇರುತ್ತದೆ. ಥೈಮ್ ಗಿಡದ ಹೂವಿನ ಜೇನು ನಿಜಕ್ಕೂ ಚೆನ್ನಾಗಿದೆ, ತಗೊಂಡರೆ ನಷ್ಟವಿಲ್ಲ. ಆದರೆ ಅಲ್ಲೇ ಕೊಳ್ಳಬೇಕೆಂದೇನಿಲ್ಲ, ಹಾನ್ಯಾ ಪೇಟೆಯಲ್ಲೂ ಸಿಗುತ್ತದೆ.

ಕಡಲತೀರಕ್ಕೆ ಐದಾರು ಕಿಲೋಮೀಟರ್ ಇರುವಾಗ ಎತ್ತರದ ಬಂಡೆಯ ಮೇಲೆ ಬಿಳಿ ಗೋಡೆಯ ಹ್ರಿಸೊಸ್ಕಾಲಿಟಿಸ್ಸಾ ಮಠ ಕಾಣುತ್ತದೆ, ಕೆಳಗೆ ಸಮುದ್ರ. ಚಿನ್ನದ ಮೆಟ್ಟಿಲಿನ ಮಾತೆ ಮರಿಯಳ ಮಠ ಅದು. ಮೇಲೆ ಹೋಗಲು ತೊಂಬತ್ತಕ್ಕೂ ಹೆಚ್ಚು ಮೆಟ್ಟಿಲು. ಅದರಲ್ಲೊಂದು ಚಿನ್ನದ್ದು, ಪಾಪವಿಲ್ಲದವರ ಕಣ್ಣಿಗೆ ಮಾತ್ರ ಕಾಣುತ್ತದೆ ಎಂದು ಪ್ರತೀತಿ. ಚಿನ್ನದ ಮೆಟ್ಟಿಲನ್ನು ಒಟ್ಟೊಮನ್ ತುರ್ಕರ ಆಳ್ವಿಕೆಯ ಕಾಲದಲ್ಲಿ ತೆರಿಗೆ ತೀರಿಸಲು ಮಾರಿಬಿಟ್ಟರು ಎಂಬ ಇನ್ನೊಂದು ಕಥೆಯೂ ಇದೆ. ಎರಡನೆಯದೇ ಹೆಚ್ಚು ನಂಬುವಂತಿದೆ ಅನಿಸುತ್ತದೆ! ಅಮ್ಮ ಮೆಟ್ಟಿಲು ಹತ್ತುವುದು ಬೇಡ, ಕೆಳಗಿನಿಂದಲೇ ನೋಟ ಸೊಗಸಾಗಿದೆ. ಒಳಗೆ ಹೋಗುವವರ ಭುಜ, ಮಂಡಿ ಮುಚ್ಚಿರಬೇಕು. ಸೀರೆಗೆ ಯಾರ ಆಕ್ಷೇಪವೂ ಇಲ್ಲ. ಚಡ್ಡಿ ಹಾಕಿಕೊಂಡು ಬರುವ ನಿಮ್ಮ ಯಜಮಾನರಿಗೇ ತೊಂದರೆ.

ಮಧ್ಯಾಹ್ನದ ಹೊತ್ತಿಗೆ ಎಲಾಫೊನೀಸಿ. ಒಂದು ಮಾತು ಮೊದಲೇ ಹೇಳಿಬಿಡಬೇಕು: ಬಸ್ಸಿನವರು ನಿಮ್ಮನ್ನು ತಂದು ಬಿಡುವುದು ಅತ್ಯಂತ ಜನಜಂಗುಳಿಯ ಹೊತ್ತಿಗೆ. ಹನ್ನೊಂದರಿಂದ ಮೂರೂವರೆವರೆಗೆ ಅಲ್ಲಿ ಜಾತ್ರೆ. ಸೆಪ್ಟೆಂಬರ್ ಆದ್ದರಿಂದ ಆಗಸ್ಟ್‌ಗಿಂತ ಪರವಾಗಿಲ್ಲ, ಅಷ್ಟೇ. ಫೋಟೊಗಳಲ್ಲಿ ಕಾಣುವ ನಿರ್ಜನ ತೀರ ಬೇಕಿದ್ದರೆ ಅಲ್ಲೇ ಹತ್ತಿರ ರಾತ್ರಿ ತಂಗಿ ಬೆಳಗ್ಗೆ ಎದ್ದು ಹೋಗಬೇಕು. ಒಂದು ದಿನದ ಪ್ರವಾಸದಲ್ಲಿ ಅದು ಸಿಗದು.

ಆದರೂ ಒಂದು ಉಪಾಯವಿದೆ. ಮುಖ್ಯ ತೀರಕ್ಕೂ ಎದುರಿನ ನಡುಗಡ್ಡೆಗೂ ನಡುವೆ ಸುಮಾರು ನೂರು ಮೀಟರ್ ಅಗಲದ ನೀರು, ಮೊಣಕಾಲು ಮಟ್ಟದ್ದು. ಅದನ್ನು ಕಾಲ್ನಡಿಗೆಯಲ್ಲೇ ದಾಟಬಹುದು. ನಮ್ಮ ಕರಾವಳಿಯವರು ತಕ್ಷಣ ಕೇಳುವ ಪ್ರಶ್ನೆ, ಭರತ ಬಂದರೆ ಆಚೆ ಸಿಕ್ಕಿಹಾಕಿಕೊಳ್ಳುವುದಿಲ್ಲವೇ ಎಂದು. ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ನಮ್ಮ ಕಡೆಯಂತೆ ಎದ್ದು ಕಾಣುವಷ್ಟಿರುವುದಿಲ್ಲ, ಆ ಭಯ ಬೇಡ. ಪಶ್ಚಿಮದ ಗಾಳಿ ಜೋರಿದ್ದಾಗ ಮಾತ್ರ ನೀರು ಸೊಂಟದವರೆಗೆ ಏರಬಹುದು, ಅಂಥ ದಿನ ಮಗನ ಕೈ ಬಿಡಬೇಡಿ. ಬಹುತೇಕರು ಈ ನೀರಿನಲ್ಲೇ ಬೀಡುಬಿಟ್ಟಿರುತ್ತಾರೆ. ನಡುಗಡ್ಡೆಗೆ ದಾಟಿ ಇನ್ನೂ ಹತ್ತು ನಿಮಿಷ ಮುಂದಕ್ಕೆ ನಡೆದರೆ ಜನ ಕರಗಿಹೋಗುತ್ತಾರೆ, ಸಣ್ಣ ಸಣ್ಣ ಕೊಲ್ಲಿಗಳು ಸಿಗುತ್ತವೆ. ಮಗನಿಗೆ ಈಜುಕನ್ನಡಕ ಹಾಕಿಸಿ ಅಲ್ಲಿಯ ಬಂಡೆಗಳ ಹತ್ತಿರ ಬಿಡಿ, ಮೀನು ಕಾಣುವುದು ಅಲ್ಲಿ. ಆಳವಿಲ್ಲದ ಮರಳಿನ ಕಡೆ ಏನೂ ಇರುವುದಿಲ್ಲ. ಬಂಡೆಯ ಬಳಿ ಮುಳ್ಳುಗೋಳದಂಥ ಕಡಲಜೀವಿಗಳಿರುತ್ತವೆ, ತುಳಿದರೆ ಮುಳ್ಳು ಪಾದದಲ್ಲೇ ಮುರಿಯುತ್ತದೆ. ರಬ್ಬರ್ ಅಟ್ಟೆಯ ನೀರಿನ ಬೂಟು ಎಲ್ಲರಿಗೂ ಇರಲಿ.

ಗುಲಾಬಿ ಮರಳಿನ ಬಗ್ಗೆ. ಇಡೀ ತೀರ ಗುಲಾಬಿಯಾಗಿ ಹೊಳೆಯುತ್ತದೆ ಎಂದುಕೊಂಡು ಹೋಗಿ ಸಪ್ಪೆ ಮುಖ ಮಾಡಿ ಬರುವವರಿದ್ದಾರೆ. ಬಣ್ಣ ಇರುವುದು ಅಲೆ ಬಂದು ಮುಟ್ಟಿ ಹಿಂದೆ ಸರಿಯುವ ಗೆರೆಯಲ್ಲಿ, ಅಲ್ಲಲ್ಲಿ ಪಟ್ಟೆಪಟ್ಟೆಯಾಗಿ. ಒದ್ದೆ ಮರಳನ್ನು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡು ಹತ್ತಿರ ಹಿಡಿದು ನೋಡಲು ಮಗನಿಗೆ ಹೇಳಿ. ಬಿಳಿಯ, ಕಂದು ಬಣ್ಣದ ಕಣಗಳ ನಡುವೆ ಕುಂಕುಮದ ಪುಡಿಯಷ್ಟು ಸಣ್ಣ ಕೆಂಪು ಚೂರುಗಳು ಕಾಣುತ್ತವೆ. ಅವು ಕಲ್ಲಲ್ಲ. ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪಿನ ತುಣುಕುಗಳು. ನೀರಿನಡಿ ಬಂಡೆ, ಕಡಲಹುಲ್ಲು ಹಿಡಿದು ಬದುಕುವ ಇವು ಸತ್ತ ಮೇಲೆ ಚಿಪ್ಪು ಪುಡಿಯಾಗಿ ಅಲೆಯೊಂದಿಗೆ ದಡಕ್ಕೆ ಬರುತ್ತವೆ. ಹಗುರವಾದ್ದರಿಂದ ಅಲೆ ಅವನ್ನು ಬೇರ್ಪಡಿಸಿ ಒಂದು ಗೆರೆಯಾಗಿ ಬಿಟ್ಟುಹೋಗುತ್ತದೆ. ನೆತ್ತಿಯ ಬಿಸಿಲಿನಲ್ಲಿ ಬಣ್ಣ ತೊಳೆದಂತೆ ಕಾಣುತ್ತದೆ, ಬಿಸಿಲು ಓರೆಯಾದಂತೆ ಎದ್ದು ಕಾಣುತ್ತದೆ.

ಅಂಗೈಯಲ್ಲಿ ನೋಡಿ ಅಲ್ಲೇ ಬಿಡಿ. ಎಲಾಫೊನೀಸಿ ಐರೋಪ್ಯ ಒಕ್ಕೂಟದ ನಾಟುರಾ 2000 ಸಂರಕ್ಷಿತ ಪ್ರದೇಶ. ಮರಳು, ಚಿಪ್ಪು, ಗಿಡ ಯಾವುದನ್ನೂ ಒಯ್ಯುವಂತಿಲ್ಲ. ಲಕ್ಷಾಂತರ ಜನ ಒಂದೊಂದು ಬಾಟಲಿ ಒಯ್ದರೆ ಆ ಕೆಂಪು ಗೆರೆ ಎಷ್ಟು ದಿನ ಉಳಿದೀತು? ಶಾಲೆಗೆ ಬೇಕಾದರೆ ಫೋನಿಗೆ ಸಿಕ್ಕಿಸುವ ಸಣ್ಣ ಮ್ಯಾಕ್ರೊ ಲೆನ್ಸ್ ಒಯ್ದು ಮರಳಿನ ಕಣಗಳ ಫೋಟೊ ತೆಗೆಸಿ. ಬಾಟಲಿಯಲ್ಲಿ ಒಣಗಿದ ಮರಳಿಗಿಂತ ಅದೇ ಚೆನ್ನಾಗಿ ಕಾಣುತ್ತದೆ. ದಿಬ್ಬಗಳ ಮೇಲಿನ ಕುಳ್ಳ ಮರಗಳ ನೆರಳಿಗೂ ಹೋಗಬೇಡಿ. ಸ್ಥಳೀಯರು ಸೀಡರ್ ಅನ್ನುವ ಅವು ಜುನಿಪರ್ ಜಾತಿಯವು, ಬೇರಿನಿಂದ ಮರಳನ್ನು ಹಿಡಿದಿಟ್ಟುಕೊಂಡಿರುವುದು ಅವೇ. ನೀವು ಹೋಗುವ ಕಾಲಕ್ಕೆ ಮರಳಿನಲ್ಲಿ ಬಿಳಿ ಕಡಲ ಲಿಲ್ಲಿ ಹೂ ಬಿಟ್ಟಿರುವ ಸಂಭವವಿದೆ. ನೋಡಲು ಕಾಸು ಬೇಕಿಲ್ಲ, ಕೀಳಬಾರದು ಅಷ್ಟೇ.

ಅಮ್ಮನವರ ವ್ಯವಸ್ಥೆ ಹೀಗಿರಲಿ. ಬಸ್ಸು ನಿಲ್ಲುವ ಜಾಗದಿಂದ ನೀರಿನವರೆಗೆ ಸ್ವಲ್ಪ ದೂರ ಮರಳಿನಲ್ಲೇ ನಡೆಯಬೇಕು, ಮೆಟ್ಟಿಲಿಲ್ಲ, ಏರಿಲ್ಲ. ನೀರು ತಟ್ಟೆಯಂತಿರುವುದರಿಂದ ಕುರ್ಚಿ ಹಾಕಿ ಕೂತು ಕಾಲು ಇಳಿಬಿಡಬಹುದು, ಮಂಡಿನೋವಿಗೆ ಅದೇ ಹಿತ. ಕೊಡೆ ಕುರ್ಚಿ ಬಾಡಿಗೆಗೆ ಎಷ್ಟಿರಬೇಕು ಎಂಬ ನಿಯಮ ಸಂರಕ್ಷಿತ ತೀರಗಳಲ್ಲಿ ಆಗಾಗ ಬದಲಾಗುತ್ತಿರುತ್ತದೆ. ಹಾಗಾಗಿ ಹಾನ್ಯಾದ ಅಂಗಡಿಯಲ್ಲೇ ಒಂದು ಅಗ್ಗದ ಕಡಲತೀರದ ಕೊಡೆ, ಮಡಚುವ ಸ್ಟೂಲು ಕೊಂಡುಬಿಡಿ. ಶೌಚಾಲಯ ವಾಹನ ನಿಲ್ಲುವ ಕಡೆ ಇದೆ, ಸಾಲೂ ಇರುತ್ತದೆ. ನಡುಗಡ್ಡೆಯಲ್ಲಿ ಯಾವ ಸೌಕರ್ಯವೂ ಇಲ್ಲ. ಅಲ್ಲಿಗೆ ನೀವು, ಯಜಮಾನರು ಸರದಿಯ ಮೇಲೆ ಮಗನ ಜೊತೆ ಹೋಗಿಬನ್ನಿ.

ಇನ್ನು ಗೈಡ್ ವಿಚಾರ. ಗ್ರೀಸ್‌ನಲ್ಲಿ ಗೈಡ್ ಆಗುವುದಕ್ಕೆ ಸರ್ಕಾರದ ಲೈಸೆನ್ಸ್ ಬೇಕು, ಇತಿಹಾಸ ಪುರಾತತ್ತ್ವ ಓದಿ ಪಡೆದವರು ಅವರು. ಕಡಲತೀರದ ಬಸ್ಸುಗಳಲ್ಲಿ ಬರುವವರು ಎಷ್ಟೋ ಸಲ ಗೈಡ್ ಅಲ್ಲ, ಎಸ್ಕಾರ್ಟ್. ತಲೆ ಎಣಿಸುವುದು, ಸಮಯ ಹೇಳುವುದು, ಮೂರು ಭಾಷೆಯಲ್ಲಿ ಅದೇ ನಾಲ್ಕು ವಾಕ್ಯ ಹೇಳುವುದು ಅವರ ಕೆಲಸ. ತಪ್ಪೇನಿಲ್ಲ, ಅದಕ್ಕೆ ತಕ್ಕ ದರವೇ ಇರುತ್ತದೆ. ನಿಮಗೆ ಕಥೆ ಬೇಕಿದ್ದರೆ ಬುಕ್ ಮಾಡುವಾಗ ನೇರವಾಗಿ ಕೇಳಿ: ಲೈಸೆನ್ಸ್ ಇರುವ ಗೈಡ್ ಬರುತ್ತಾರಾ, ಎಷ್ಟು ಭಾಷೆಯಲ್ಲಿ ಮಾತಾಡುತ್ತಾರೆ, ನಮ್ಮ ಹೋಟೆಲಿನಿಂದ ಮೊದಲು ಹತ್ತಿಸಿಕೊಳ್ಳುತ್ತೀರಾ ಕೊನೆಗಾ. ಮೊದಲು ಹತ್ತಿದವರಿಗೆ ಬಸ್ಸಿನಲ್ಲೇ ಒಂದು ಗಂಟೆ ಜಾಸ್ತಿ. ಹಾನ್ಯಾದ ಹಳೇಪೇಟೆಯ ಗಲ್ಲಿಗಳಿಗೆ ಬಸ್ಸು ಬರುವುದಿಲ್ಲ. ಹತ್ತುವ ಜಾಗ ಎಲ್ಲಿ, ಅಮ್ಮ ಎಷ್ಟು ನಡೆಯಬೇಕು ಎಂದು ನಕ್ಷೆಯಲ್ಲಿ ನೋಡಿಕೊಳ್ಳಿ.

ಒಳ್ಳೆಯ ಗೈಡ್ ಇದ್ದರೆ ಏನು ಲಾಭ ಎಂದು ಕೇಳಿದರೆ ಎರಡು ಉದಾಹರಣೆ ಕೊಡುತ್ತೇನೆ. ಎಲ್ಲರೂ ನಗುತ್ತ ದಾಟುವ ಆ ಮೊಣಕಾಲುದ್ದದ ನೀರನ್ನು 1824ರಲ್ಲಿ ಒಟ್ಟೊಮನ್ ಪಡೆ ದಾಟಿತ್ತು. ಒಟ್ಟೊಮನ್ ಆಳ್ವಿಕೆಯ ವಿರುದ್ಧ ದಂಗೆಯ ಕಾಲ, ಹೆಂಗಸರು ಮಕ್ಕಳು ಸೇರಿ ನೂರಾರು ಜನ ನಡುಗಡ್ಡೆಯಲ್ಲಿ ಅಡಗಿ, ತಮ್ಮನ್ನು ಒಯ್ಯುವ ಹಡಗಿಗೆ ಕಾಯುತ್ತಿದ್ದರು. ಸೈನಿಕರ ಕುದುರೆಯೊಂದು ನೀರಿಗಿಳಿದು ಸಲೀಸಾಗಿ ಆಚೆ ಹೋದದ್ದರಿಂದ ಆಳವಿಲ್ಲವೆಂಬ ಗುಟ್ಟು ಬಯಲಾಯಿತು ಎಂದು ಊರವರು ಹೇಳುತ್ತಾರೆ. ಅಡಗಿದ್ದವರಲ್ಲಿ ಬಹುಪಾಲು ಜನರ ಕೊಲೆಯಾಯಿತು. ನಡುಗಡ್ಡೆಯ ಎತ್ತರದ ಜಾಗದಲ್ಲಿ ಅದರ ಸ್ಮಾರಕ ಫಲಕವಿದೆ. 1907ರಲ್ಲಿ ಆಸ್ಟ್ರಿಯಾದ ಇಂಪರಾಟ್ರಿಕ್ಸ್ ಎಂಬ ಹಡಗು ಮುಳುಗಿದ್ದೂ ಇಲ್ಲಿಯ ಬಂಡೆಗಳಿಗೆ ಬಡಿದೇ. ಎಸ್ಕಾರ್ಟ್‌ಗಳು ಇದನ್ನೆಲ್ಲ ಹೇಳುವುದು ಅಪರೂಪ.

ಇನ್ನೊಂದು ನೆಲದ ಕಥೆ. ಕ್ರಿ.ಶ. 365ರ ಜುಲೈ 21ರಂದು ಇಲ್ಲಿ ಭಾರೀ ಭೂಕಂಪವಾಯಿತು. ಅದರ ಸುನಾಮಿ ಈಜಿಪ್ಟ್‌ನ ಅಲೆಕ್ಸಾಂಡ್ರಿಯಾವರೆಗೂ ಹೋಗಿ ಬಡಿಯಿತು. ಪಶ್ಚಿಮ ಕ್ರೀಟ್‌ನ ನೆಲ ಕೆಲವು ಕಡೆ ಒಂಬತ್ತು ಮೀಟರಿನಷ್ಟು ಮೇಲೆದ್ದಿತು. ಕರಾವಳಿಯ ಬಂಡೆಗಳ ಮೇಲೆ ಈಗಿನ ನೀರಿಗಿಂತ ಎಷ್ಟೋ ಎತ್ತರದಲ್ಲಿ ಅಲೆ ಕೊರೆದ ಗೆರೆ ಅಡ್ಡಡ್ಡ ಸಾಗುತ್ತದೆ, ಅದು ಆಗಿನ ಸಮುದ್ರದ ಮಟ್ಟ. ಗ್ರಾಮ್ವೂಸಾ ಹತ್ತಿರ ಹಡಗಿನಿಂದ ಇದು ಸ್ಪಷ್ಟವಾಗಿ ಕಾಣುತ್ತದೆ. ಫಲಾಸಾರ್ನಾ ಎಂಬ ಪ್ರಾಚೀನ ಬಂದರು ಈಗ ನೀರಿನಿಂದ ದೂರ, ಒಣ ನೆಲದ ಮೇಲೆ ಕೂತಿದೆ; ಹಡಗು ಕಟ್ಟುತ್ತಿದ್ದ ಕಲ್ಲು ನೋಡಲು ಹೊಲದಲ್ಲಿ ನಡೆಯಬೇಕು. ಈ ಒಂದು ವಿಷಯಕ್ಕೆ ಮಾತ್ರ ಬಾಲೋಸ್ ಹಡಗು ತಪ್ಪಿತಲ್ಲ ಎಂದು ನಿಮ್ಮ ಪರವಾಗಿ ನನಗೆ ಸ್ವಲ್ಪ ಬೇಸರ. ಅಕಸ್ಮಾತ್ ಉಳಿದ ಒಂದು ದಿನ ಗಾಳಿ ಮೂರು ಬೋಫೋರ್‌ಗಿಂತ ಕಡಿಮೆಯಿದ್ದು, ಅಮ್ಮ ಹೋಟೆಲಿನಲ್ಲಿ ವಿಶ್ರಾಂತಿ ಬಯಸಿದರೆ, ನಿಮ್ಮಲ್ಲೊಬ್ಬರು ಮಗನನ್ನು ಕರೆದುಕೊಂಡು ಹೋಗಿಬರಬಹುದು. ಆಗ ಟಿಕೆಟ್ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆ ಒಂದೇ: ಬಾಲೋಸ್ ದಡಕ್ಕೆ ಇಳಿಸುತ್ತೀರಾ, ಅಥವಾ ದೂರದಲ್ಲೇ ಲಂಗರು ಹಾಕಿ ತೋರಿಸುತ್ತೀರಾ? ಇಮೇರಿ ಗ್ರಾಮ್ವೂಸಾ ದಡದಲ್ಲಿ 1967ರಿಂದ ತುಕ್ಕು ಹಿಡಿಯುತ್ತ ಬಿದ್ದಿರುವ ಡಿಮಿಟ್ರಿಯೊಸ್ ಪಿ. ಎಂಬ ಸರಕು ಹಡಗಿದೆ. ಒಂಬತ್ತು ವರ್ಷದ ಹುಡುಗನಿಗೆ ಕೋಟೆಗಿಂತ ಅದೇ ಹೆಚ್ಚು ಇಷ್ಟವಾಗುತ್ತದೆ.

ಕಾರು ಸಾಲದೇ ಅಂದಿರಿ. ಸಾಲುತ್ತದೆ. ಜರ್ಮನಿಯ ಲೈಸೆನ್ಸ್ ಇದ್ದರೆ ಕಾಗದಪತ್ರದ ತಕರಾರಿಲ್ಲ, ಎಲಾಫೊನೀಸಿವರೆಗೆ ಡಾಂಬರು ರಸ್ತೆಯೇ ಇದೆ, ಬೆಳಗ್ಗೆ ಏಳಕ್ಕೆ ಹೊರಟರೆ ಜನ ಸೇರುವ ಮುಂಚೆ ಎರಡು ಗಂಟೆ ಸಿಗುತ್ತದೆ. ಕಿರಿದಾದ ಬೆಟ್ಟದ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದಾಗ ಹಿಂದಕ್ಕೆ ತೆಗೆಯಲು ಅಳುಕದ ಚಾಲಕರು ನಿಮ್ಮ ಮನೆಯಲ್ಲಿದ್ದರೆ ಇದೂ ಒಳ್ಳೆಯ ದಾರಿಯೇ. ನಾನು ಬಸ್ಸು ಹೇಳಿದ್ದು ಇನ್ನೊಂದು ಕಾರಣಕ್ಕೆ. ಓಡಿಸುವವರು ಆ ಕಣಿವೆಯನ್ನು ನೋಡುವುದೇ ಇಲ್ಲ, ಸಂಜೆ ವಾಪಸಾಗುವಾಗ ಬಿಸಿಲಿಗೆ ಬಸವಳಿದು ತಿರುವು ತಿರುಗಿಸುವುದೂ ಅವರೇ. ಬರೀ ಸಾರಿಗೆ ಸಾಕು ಅನ್ನುವವರಿಗೆ ಬೇಸಿಗೆಯಲ್ಲಿ ಹಾನ್ಯಾ ಬಸ್ ನಿಲ್ದಾಣದಿಂದ ಕೆಟೆಲ್ ಎಂಬ ಸಾರ್ವಜನಿಕ ಸಾರಿಗೆಯ ಬಸ್ಸೂ ಇದೆ, ಬೆಳಗ್ಗೆ ಹೋಗಿ ಸಂಜೆಗೆ ಮುಂಚೆ ಹಿಂದಿರುಗುತ್ತದೆ. ಮಠಕ್ಕೆ, ಕಾಫಿಗೆ ನಿಮಗಾಗಿ ಕಾಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಊಟದ್ದು ನೀವು ಹೆದರಿದಷ್ಟು ಕಷ್ಟವಿಲ್ಲ, ಆದರೆ ಎಚ್ಚರ ಬೇಕು. ಗ್ರೀಕ್ ಆರ್ಥಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆಗೆ ನಿಸ್ತೀಸಿಮೊ ಎನ್ನುತ್ತಾರೆ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಅದನ್ನು ಕೇಳಿ ಶುದ್ಧ ಸಸ್ಯಾಹಾರ ಎಂದು ನಂಬಬೇಡಿ, ಸೀಗಡಿ, ಸ್ಕ್ವಿಡ್ ಅವರ ಉಪವಾಸಕ್ಕೆ ಸಲ್ಲುತ್ತವೆ. ಅನ್ನ ತುಂಬಿದ ಟೊಮೆಟೊ, ದೊಡ್ಡ ಬಿಳಿ ಕಾಳಿನ ಪಲ್ಯ, ತರಕಾರಿ ಬೇಯಿಸಿದ ಬ್ರಿಯಾಮ್ ನಿಮಗೆ ಚೆನ್ನಾಗಿ ಒಗ್ಗುತ್ತವೆ, ಆದರೆ ಮೂರಕ್ಕೂ ಈರುಳ್ಳಿ ಬಿದ್ದಿರುತ್ತದೆ. ಅಮ್ಮನಿಗೆ ಹೋರ್ತಾ ತರಿಸಿ: ಬೆಟ್ಟದ ಸೊಪ್ಪು ಬೇಯಿಸಿ ಆಲಿವ್ ಎಣ್ಣೆ ನಿಂಬೆರಸ ಹಾಕಿದ್ದು. ಹುರಿದ ಆಲೂಗಡ್ಡೆ, ಹಣ್ಣು, ಗಟ್ಟಿ ಮೊಸರಿಗೆ ಜೇನು. ಬಾರ್ಲಿಯ ಗಟ್ಟಿ ರಸ್ಕಿನ ಮೇಲೆ ತುರಿದ ಟೊಮೆಟೊ, ಮೆದು ಚೀಸ್ ಹಾಕಿದ ದಾಕೊಸ್ ಕ್ರೀಟ್‌ನ ಹೆಮ್ಮೆ, ಅದಕ್ಕೆ ಈರುಳ್ಳಿ ಸಾಮಾನ್ಯವಾಗಿ ಹಾಕುವುದಿಲ್ಲ. ಚೀಸ್‌ಗೆ ಹಾಕುವ ಹೆಪ್ಪು ಪ್ರಾಣಿಜನ್ಯ ಇರಬಹುದು, ಆ ಬಗ್ಗೆ ಕಟ್ಟುನಿಟ್ಟಿದ್ದರೆ ಚೀಸ್ ತೆಗೆಸಿಬಿಡಿ. ಹೊರಿಸ್ ಕ್ರೆಮಿಡಿ ಅಂದರೆ ಈರುಳ್ಳಿ ಬೇಡ, ಹೊರಿಸ್ ಸ್ಕೋರ್ದೊ ಅಂದರೆ ಬೆಳ್ಳುಳ್ಳಿ ಬೇಡ. ಕಡಲತೀರದ ಕ್ಯಾಂಟೀನಿನಲ್ಲಿ ಇದೆಲ್ಲ ಸಿಗುವುದಿಲ್ಲ, ಹಳ್ಳಿಯ ಟವೆರ್ನಾ ಎಂಬ ಸಣ್ಣ ಊಟದ ಹೋಟೆಲಿನಲ್ಲಿ ಸಿಗುತ್ತದೆ. ಆದ್ದರಿಂದ ಬೆಳಗ್ಗೆಯೇ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೊರಡುವುದು ವಾಸಿ. ಮೊಸರನ್ನದ ಆಸೆ ಬೇಡ, ಆ ಬಿಸಿಲಿಗೆ ಹುಳಿಯುತ್ತದೆ.

ಗಾಳಿ ಮೂರೂ ದಿನ ಪಶ್ಚಿಮದಿಂದಲೇ ಬೀಸಿ ಎರಡೂ ತೀರ ಕೈಕೊಟ್ಟರೆ ಪೂರ್ವಕ್ಕೆ ಹೋಗಿ. ಬೆಟ್ಟದ ಬುಡದಲ್ಲಿ ಕುರ್ನಾಸ್ ಎಂಬ ಸಿಹಿನೀರಿನ ಸರೋವರವಿದೆ, 40 ಕಿಲೋಮೀಟರ್ ಆಸುಪಾಸು. ದಡದಲ್ಲಿ ಮರದ ನೆರಳಿನ ಹೋಟೆಲುಗಳು, ತುಳಿಯುವ ದೋಣಿ, ಬಾತುಕೋಳಿ. ಅಮ್ಮನವರಿಗೆ ಎಲ್ಲಕ್ಕಿಂತ ಇದೇ ಹಿಡಿಸಿದರೂ ಆಶ್ಚರ್ಯವಿಲ್ಲ.

ವೀಸಾ: ಅಮ್ಮ ಜರ್ಮನಿಗೆ ಬಂದಿರುವುದು ಷೆಂಗೆನ್ ವೀಸಾದಲ್ಲಾದ್ದರಿಂದ ಗ್ರೀಸ್‌ಗೆ ಬೇರೆ ವೀಸಾ ಬೇಡ, ಅದೂ ಒಂದೇ ವೀಸಾ ಸಲ್ಲುವ ಐರೋಪ್ಯ ದೇಶಗಳ ಷೆಂಗೆನ್ ವಲಯದ್ದೇ. ಒಂದೇ ಪ್ರವೇಶದ ವೀಸಾ ಆಗಿದ್ದರೂ ಅಡ್ಡಿಯಿಲ್ಲ, ಆದರೆ ದಾರಿಯಲ್ಲಿ ಲಂಡನ್‌ನಂಥ ಷೆಂಗೆನ್ ಹೊರಗಿನ ಊರಿನಲ್ಲಿ ವಿಮಾನ ಬದಲಿಸಬೇಡಿ. ವೀಸಾದಲ್ಲಿ ಕೊಟ್ಟಿರುವ ಒಟ್ಟು ದಿನಗಳಲ್ಲಿ ಈ ದಿನಗಳೂ ಸೇರುತ್ತವೆ. ವಿಮಾನ ನಿಲ್ದಾಣದಲ್ಲಿ ವಲಸೆ ಕೌಂಟರ್ ಇಲ್ಲವೆಂದು ಪಾಸ್‌ಪೋರ್ಟ್ ಸ್ಟುಟ್‌ಗಾರ್ಟ್‌ನಲ್ಲೇ ಬಿಟ್ಟು ಹೋಗಬೇಡಿ. ವಿಮಾನ ಹತ್ತುವಾಗಲೂ ಹೋಟೆಲಿನಲ್ಲೂ ಕೇಳುತ್ತಾರೆ. ಪ್ರವಾಸದ ದಿನ ಮಾತ್ರ ಮೂಲ ಪಾಸ್‌ಪೋರ್ಟ್ ಹೋಟೆಲಿನ ಲಾಕರಿನಲ್ಲಿರಲಿ, ಫೋನಿನಲ್ಲಿ ಅದರ ಫೋಟೊ ಇಟ್ಟುಕೊಳ್ಳಿ.